ಲಂಚದ ಆರೋಪ: ನ್ಯಾಯಾಲಯದ ಹಾದಿ



ಸರ್ಕಾರಿ ನೌಕರನ ಮೇಲೆ ಲಂಚದ ಆರೋಪ ಬಂದ ಮಾತ್ರಕ್ಕೆ ಅವನು ಅಪರಾಧಿಯಲ್ಲ. ಅಧಿಕಾರದಲ್ಲಿರುವ ಮಾತ್ರಕ್ಕೆ ಅವನು ಕಾನೂನಿಗೆ ಅತೀತನೂ ಅಲ್ಲ. 1988ರ ಭ್ರಷ್ಟಾಚಾರ ನಿರೋಧ ಅಧಿನಿಯಮವು ಈ ಎರಡೂ ತತ್ತ್ವಗಳನ್ನು ಕಾಪಾಡುತ್ತದೆ.

ಇಂತಹ ಮೊಕದ್ದಮೆಗಳ ವಿಚಾರಣೆ ವಿಶೇಷ ನ್ಯಾಯಾಧೀಶರಿಗೆ ಸೇರಿದುದು. ಅದಕ್ಕೆ ಮೊದಲು, ನೌಕರನನ್ನು ಹುದ್ದೆಯಿಂದ ತೆಗೆದುಹಾಕುವ ಅಧಿಕಾರವುಳ್ಳವರ ಮಂಜೂರಾತಿ ಅಗತ್ಯ. 2018ರ ತಿದ್ದುಪಡಿಯಂತೆ ಈ ನಿರ್ಧಾರವನ್ನು ಮೂರು ತಿಂಗಳೊಳಗೆ ತಿಳಿಸಲು ಪ್ರಯತ್ನಿಸಬೇಕು. ವಿಚಾರಣೆಯನ್ನು ಎರಡು ವರ್ಷಗಳಲ್ಲಿ ಮುಗಿಸಲು ಯತ್ನಿಸಬೇಕು. ಲಂಚ ಪಡೆದುದು ರುಜುವಾತಾದರೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ಜುಲ್ಮಾನೆ.

ದೂರುದಾರನು ಮೃತನಾದರೆ ಅಥವಾ ಸಾಕ್ಷಿ ನುಡಿಯುವಾಗ ತಿರುಗಿಬಿದ್ದರೆ ಮೊಕದ್ದಮೆ ಬಿದ್ದುಹೋಗುವುದೇ? ಇಲ್ಲ. ಇತರ ಸಾಕ್ಷ್ಯಗಳಿಂದಲೂ ಅಪರಾಧವನ್ನು ರುಜುವಾತುಪಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2022ರಲ್ಲಿ ತೀರ್ಪಿತ್ತಿದೆ. ಆದರೆ ಲಂಚ ಕೇಳಿದ್ದು ಅಥವಾ ಒಪ್ಪಿ ಪಡೆದದ್ದು ಸಿದ್ಧವಾಗದೆ, ಕೇವಲ ಹಣ ಸಿಕ್ಕಿತೆಂದು ಶಿಕ್ಷೆ ವಿಧಿಸಲಾಗದು.

ನಾಗರಿಕರು ಮರೆಯಬಾರದ ಮಾತೊಂದಿದೆ. ಒತ್ತಾಯಕ್ಕೆ ಮಣಿದು ಲಂಚ ಕೊಟ್ಟವನು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಕಾನೂನು ಅವನನ್ನು ರಕ್ಷಿಸುತ್ತದೆ. ಸುಮ್ಮನಿದ್ದರೆ ಅವನೂ ಆರೋಪಿಯಾಗಬಹುದು.