ಪೆಡಲ್ ತುಳಿದು ಡಾಕ್ಟರನ್ನ ಕರೆದವರು

ಇವತ್ತು ಆಸ್ಟ್ರೇಲಿಯಾದ ಹಾರುವ ಡಾಕ್ಟರುಗಳ ಕಥೆ. ಆದ್ರೆ ಶುರು ಮಾಡೋದು ವಿಮಾನ ಇಲ್ಲದ ದಿನದಿಂದ.

1917. ಹಾಲ್ಸ್ ಕ್ರೀಕ್ ಅನ್ನೋ ಒಂಟಿ ಊರು. ಜಿಮ್ಮಿ ಡಾರ್ಸಿ ಎಂಬ ದನಗಾಹಿ ಕುದುರೆಯಿಂದ ಬಿದ್ದು ಹೊಟ್ಟೆಯೊಳಗೆ ಪೆಟ್ಟಾಯ್ತು. ಡಾಕ್ಟರ್ ಇದ್ದದ್ದು ಸುಮಾರು 2,000 ಕಿ.ಮೀ. ದೂರದ ಪರ್ತ್‌ನಲ್ಲಿ. ಅವರು ಟೆಲಿಗ್ರಾಫ್‌ನಲ್ಲಿ ಹೇಳ್ತಾ ಹೋದ್ರು, ಊರಿನ ಪೋಸ್ಟ್‌ಮಾಸ್ಟರ್ ಟಕೆಟ್ ಜೇಬಿನ ಚಾಕುವಿನಲ್ಲಿ ಆಪರೇಷನ್ ಮಾಡಿದ್ರು! ಡಾಕ್ಟರ್ ಹಡಗು, ಕಾರು ಹಿಡಿದು ಬಂದು ಮುಟ್ಟುವ ಹಿಂದಿನ ದಿನವೇ ಡಾರ್ಸಿ ತೀರಿಕೊಂಡಿದ್ದ.

ಆ ಒಳನಾಡಿನಲ್ಲಿ 1912ರಿಂದ ಮಿಷನ್ ನಡೆಸ್ತಿದ್ದವರು ಪಾದ್ರಿ ಜಾನ್ ಫ್ಲಿನ್. ಅದೇ 1917ರಲ್ಲಿ ಕ್ಲಿಫರ್ಡ್ ಪೀಲ್ ಎಂಬ ಯುವ ಪೈಲಟ್ ಅವರಿಗೆ ಪತ್ರ ಬರೆದು, ಡಾಕ್ಟರನ್ನ ವಿಮಾನದಲ್ಲಿ ಕಳಿಸೋದು ಹೇಗೆ ಅಂತ ಲೆಕ್ಕ ಹಾಕಿ ತೋರಿಸಿದ. ಮರುವರ್ಷ ಯುದ್ಧದಲ್ಲಿ ಸತ್ತ. ಫ್ಲಿನ್ ಆ ಐಡಿಯಾ ಬಿಡಲಿಲ್ಲ.

ನಾನು ಬಿ.ಕಾಂ. ಓದಿದವನು. ನನ್ನ ಮೊದಲ ಪ್ರಶ್ನೆ ಯಾವಾಗ್ಲೂ ಒಂದೇ: ದುಡ್ಡು ಯಾರದ್ದು? ಕೃಷಿ ಯಂತ್ರ ತಯಾರಿಸ್ತಿದ್ದ ಉದ್ಯಮಿ ಎಚ್. ವಿ. ಮೆಕೇ ತಮ್ಮ ಉಯಿಲಿನಲ್ಲಿ ಇದಕ್ಕೆ ಹಣ ಬಿಟ್ಟುಹೋಗಿದ್ರು. ಮಿಷನ್ ವಿಮಾನ ಕೊಂಡುಕೊಳ್ಳಲಿಲ್ಲ. ಕ್ವಾಂಟಾಸ್‌ನಿಂದ ಬಾಡಿಗೆಗೆ ತಗೊಂಡ್ರು, ಮೈಲಿಗೆ 2 ಶಿಲಿಂಗ್. 1928ರ ಮೇ 17ರಂದು ಕ್ಲಾನ್‌ಕರಿಯಿಂದ ಡಾಕ್ಟರ್ ವೆಲ್ಚ್ ಹಾರಿದ್ರು. ಮೊದಲ ವರ್ಷ 50 ಹಾರಾಟ, ಸುಮಾರು 20,000 ಮೈಲಿ. ಅಂದ್ರೆ ಬಾಡಿಗೆಯೇ ಹತ್ತಿರ ಹತ್ತಿರ 2,000 ಪೌಂಡ್.

ಆದ್ರೆ ವಿಮಾನ ರೆಡಿ ಇದ್ರೆ ಸಾಕಾ? ಊರಿಲ್ಲದ ಬಯಲಲ್ಲಿ, ಕರೆಂಟಿಲ್ಲದ ಮನೆಯಿಂದ ಡಾಕ್ಟರನ್ನ ಕರೆಯೋದು ಹೇಗೆ? ಅದಕ್ಕೆ ಉತ್ತರ ಕೊಟ್ಟವರು ಆಲ್ಫ್ರೆಡ್ ಟ್ರೇಗರ್. 1929ರ ಹೊತ್ತಿಗೆ ಅವರ ಪೆಡಲ್ ರೇಡಿಯೊ ಬಂತು. ಸೈಕಲ್ ತುಳಿದ ಹಾಗೆ ತುಳಿದ್ರೆ ವಿದ್ಯುತ್, ಕೈಯಲ್ಲಿ ಮೋರ್ಸ್ ಸಂದೇಶ. ಮೋರ್ಸ್ ಬಾರದವರಿಗಾಗಿ ಆಮೇಲೆ ಟೈಪ್‌ರೈಟರ್ ಥರದ ಕೀಬೋರ್ಡನ್ನೂ ಜೋಡಿಸಿದ್ರು.

1942ರಿಂದ ಮನೆಮನೆಗೆ ಔಷಧಿ ಪೆಟ್ಟಿಗೆಗಳೂ ಬಂದ್ವು. ಪ್ರತಿ ಔಷಧಿಗೂ ಒಂದು ನಂಬರ್. ಬಾಯಿಗೆ ಬಾರದ ಹೆಸರು ಹೇಳೋದೇ ಬೇಡ. ಡಾಕ್ಟರ್ ರೇಡಿಯೊದಲ್ಲಿ ನಂಬರ್ ಹೇಳಿದ್ರೆ, ತಾಯಿ ಪೆಟ್ಟಿಗೆ ತೆಗೆದು ಮಗುವಿಗೆ ಕೊಡ್ತಿದ್ದಳು. ಎಷ್ಟೋ ಸಲ ವಿಮಾನ ಏಳೋದೇ ಬೇಕಾಗ್ತಿರಲಿಲ್ಲ.

ನನಗೆ ಇದರಲ್ಲಿ ಮುಖ್ಯ ಅನಿಸೋದು ಇದೇ. ಫೋಟೊದಲ್ಲಿ ಚೆಂದ ಕಾಣೋದು ವಿಮಾನ. ಅದರ ಹಿಂದೆ ಕರೆ ಮಾಡೋ ದಾರಿ, ಕರೆ ಎತ್ತೋ ಡಾಕ್ಟರ್, ತಿಂಗಳು ತಿಂಗಳು ಬಾಡಿಗೆ ಕಟ್ಟೋರು, ಮನೆಯಲ್ಲೊಂದು ಪೆಟ್ಟಿಗೆ. ಇದರಲ್ಲಿ ಒಂದು ತಪ್ಪಿದ್ರೂ ಡಾರ್ಸಿಯ ಕಥೆಯೇ ಮತ್ತೆ. ಈಗ ಅದರ ಹೆಸರು ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್. ಸರ್ಕಾರದ ಹಣ, ಜನರ ದೇಣಿಗೆ ಎರಡರಿಂದಲೂ ನಡೀತಿದೆ. ಫ್ಲಿನ್ ಮುಖ ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲಿದೆ.

ಡ್ರೋನ್‌ನಲ್ಲಿ ಔಷಧಿ ಬಂತು ಅನ್ನೋ ವಿಡಿಯೊ ಮುಂದಿನ ಸಲ ನೋಡಿದಾಗ, ಆ ಔಷಧಿ ಬೇಕು ಅಂತ ಯಾರು, ಹೇಗೆ ಹೇಳಿ ಕಳಿಸಿದ್ರು ಅಂತಲೂ ಕೇಳಿ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.