ಭಾಷೆ ಕಲಿಸುವ ಮಾಸ್ತರರಿಗೆ ಎಂಥ ಸ್ವಭಾವ ಬೇಕು?



ನಿಮ್ಮ ಶಾಲೆಗೆ ಒಬ್ಬ ಕನ್ನಡ ಶಿಕ್ಷಕರು ಬೇಕಾಗಿದ್ದಾರೆ, ಆರಿಸುವ ಕೆಲಸ ನಿಮ್ಮದೇ ಎಂದಿಟ್ಟುಕೊಳ್ಳಿ. ಇಬ್ಬರು ಬಂದಿದ್ದಾರೆ. ಒಬ್ಬರು ಒಳಗೆ ಕಾಲಿಟ್ಟ ಕೂಡಲೇ ಎಲ್ಲರನ್ನೂ ನಗಿಸುತ್ತಾರೆ, ಒಂದು ಹಾಡು ಹೇಳುತ್ತಾರೆ. ಇನ್ನೊಬ್ಬರು ಮೆಲುಮಾತಿನವರು, ಕೇಳಿದಷ್ಟಕ್ಕೇ ಉತ್ತರ ಕೊಡುವವರು. ನೀವು ಯಾರಿಗೆ ಕೈ ಎತ್ತುತ್ತೀರಿ? ಮೊದಲನೆಯವರಿಗೆ, ಅಲ್ಲವೆ? ಭಾಷೆ ಕಲಿಸುವವರು ಮಾತುಗಾರರಾಗಿರಲೇಬೇಕೆಂಬುದು ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿದ ನಂಬಿಕೆ. ಅದನ್ನು ಸ್ವಲ್ಪ ಅಲುಗಾಡಿಸಿ ನೋಡೋಣ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತುಗಳು ಲೋಕಪ್ರಸಿದ್ಧವಾದವು. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಇದನ್ನು ಬೆಳೆಸಿ, ಮನುಷ್ಯರನ್ನೆಲ್ಲ 16 ಬಗೆಗಳಾಗಿ ವಿಂಗಡಿಸುವ ಪ್ರಶ್ನಾವಳಿಯನ್ನು ರೂಪಿಸಿದರು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಇದನ್ನು ಬಳಸುತ್ತವೆ. ಸ್ವಾರಸ್ಯವೆಂದರೆ, ನೌಕರಿಗೆ ಆರಿಸಲು ಇದನ್ನು ಬಳಸಬೇಡಿರೆಂದು ಅದನ್ನು ಮಾರುವ ಸಂಸ್ಥೆಯೇ ಹೇಳುತ್ತದೆ! ಕಾರಣ ಸರಳ. ಊರ ಜನರನ್ನು ಐದೂವರೆ ಅಡಿಗೆ ಗೆರೆ ಎಳೆದು ಎತ್ತರದವರು, ಗಿಡ್ಡರು ಎಂದು ಎರಡು ಪಾಲು ಮಾಡಿದರೆ, ಗೆರೆಯ ಆಚೀಚೆ ಅರ್ಧ ಅಂಗುಲದಲ್ಲಿ ನಿಂತವರ ಗತಿಯೇನು? ಸ್ವಭಾವವೂ ಹಾಗೆಯೇ, ಹೆಚ್ಚಿನವರು ನಡುವಿನಲ್ಲಿರುತ್ತಾರೆ. ಕೆಲವು ವಾರಗಳ ಬಳಿಕ ಅದೇ ಪ್ರಶ್ನಾವಳಿ ಕೊಟ್ಟರೆ ಅನೇಕರ ಬಗೆಯೇ ಬದಲಾಗುತ್ತದೆ.

ಹಾಗಾದರೆ ಸ್ವಭಾವಕ್ಕೆ ಬೆಲೆಯೇ ಇಲ್ಲವೆ? ಹಾಗೂ ಹೇಳಲಾಗದು. ಶಿಕ್ಷಕರ ಸ್ವಭಾವ ಮತ್ತು ಅವರ ಬೋಧನೆಯ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಸಂಶೋಧನೆ 2019ರಲ್ಲಿ ಪ್ರಕಟವಾಯಿತು. ಅದು ಬಗೆಗಳನ್ನಲ್ಲ, ಗುಣಗಳ ಪ್ರಮಾಣವನ್ನು ಅಳೆಯಿತು. ಸಂಬಂಧ ಇರುವುದು ನಿಜ, ಆದರೆ ಅದು ದುರ್ಬಲ. ಒಬ್ಬರನ್ನು ಕೈಬಿಟ್ಟು ಇನ್ನೊಬ್ಬರನ್ನು ಆರಿಸುವಷ್ಟು ಗಟ್ಟಿಯಾದುದಲ್ಲ.

ಈಗ ನಮ್ಮ ಅಳ್ನಾವರಕ್ಕೆ ಬನ್ನಿ. ಧಾರವಾಡದಿಂದ ಲೋಂಡಾ ಕಡೆಗೆ ರೈಲಿನಲ್ಲಿ ಹೊರಟರೆ ಬಯಲು ಮುಗಿದು ಕಾಡು ಶುರುವಾಗುವ ಹೊತ್ತಿಗೆ ಸಿಗುವ ಜಂಕ್ಷನ್ ಇದು. ದಾಂಡೇಲಿಗೆ ಕವಲು ಹಾದಿ ಹೊರಡುವುದು ಇಲ್ಲಿಂದಲೇ. ಇಲ್ಲಿ ಸಂತೆಯಲ್ಲಿ ಕನ್ನಡ, ಉರ್ದು, ಮರಾಠಿ, ಕೊಂಕಣಿ ನಾಲ್ಕೂ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಮರಾಠಿ ಆಡುವ ಮಗುವೊಂದು ಕನ್ನಡದ ತರಗತಿಯಲ್ಲಿ ಕುಳಿತಿದೆ ಎನ್ನಿ. ಮಾಸ್ತರರು ಪ್ರಶ್ನೆ ಕೇಳುತ್ತಾರೆ. ಮಗುವಿಗೆ ಉತ್ತರ ಗೊತ್ತು. ಆದರೆ ಅದು ಮೊದಲು ಮರಾಠಿಯಲ್ಲಿ ಹೊಳೆದು, ಕನ್ನಡದ ಶಬ್ದ ಹುಡುಕಿ, ವಿಭಕ್ತಿ ಹಚ್ಚಿ, ಬಾಯಿಗೆ ಬರಬೇಕು. ಅಷ್ಟರೊಳಗೆ ಮುಂದಿನ ಬೆಂಚಿನ ಹುಡುಗ ಹೇಳಿಬಿಟ್ಟ, ಮಾಸ್ತರರು "ಶಾಬಾಸ್" ಎಂದು ಮುಂದೆ ಹೋದರು. ಹೀಗೆ ವರ್ಷವಿಡೀ ನಡೆದರೆ ಆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ.

ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ ಇದನ್ನು ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಕಾಯುವುದು ಸುಮಾರು ಒಂದೇ ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಎಂದೂ ಮಾತಾಡದವರೂ ಮಾತಾಡಿದರು. ವಿಜ್ಞಾನಕ್ಕೇ ಹೀಗಾದರೆ, ಎರಡನೆಯ ಭಾಷೆ ಕಲಿಯುವ ಮಗುವಿಗೆ ಆ ಎರಡು ಸೆಕೆಂಡು ಎಷ್ಟು ದೊಡ್ಡದೆಂದು ನೀವೇ ಊಹಿಸಿ. ಮಾತಿನಮಲ್ಲರಾದ ಮಾಸ್ತರರಿಗೆ ಕಾಯುವುದು ಕಷ್ಟವಾಗಬಹುದು, ಮೆಲುಮಾತಿನವರಿಗೆ ಸುಲಭವಾಗಬಹುದು. ಆದರೆ ರೋ ಅವರು ತೋರಿಸಿದ್ದು ಬೇರೆಯೇ: ಕಾಯುವುದನ್ನು ತರಬೇತಿಯಿಂದ ಕಲಿಸಬಹುದು. ಹಾಗಿದ್ದ ಮೇಲೆ ಅದು ಸ್ವಭಾವವಲ್ಲ, ಕಸುಬು.

ಈ ನಂಬಿಕೆ ಧಾರವಾಡಕ್ಕೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ, ಈ ಸೀಮೆಯ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ, ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಅದಕ್ಕೆ ಶಿಕ್ಷಕರು ಬೇಕಿತ್ತು. ಅವರನ್ನು ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ತಯಾರು ಮಾಡಲಾಯಿತು. ಹುಟ್ಟು ಮಾಸ್ತರರನ್ನು ಹುಡುಕುತ್ತ ಕುಳಿತಿದ್ದರೆ ಕನ್ನಡ ಶಾಲೆಗಳ ಬಾಗಿಲು ತೆರೆಯುತ್ತಿರಲಿಲ್ಲ.

"ಬೇಂದ್ರೆ ಮಾಸ್ತರರ ಮಾತಿನ ಮೋಡಿ ಮರೆತಿರಾ?" ಎಂದು ನೀವು ಕೇಳಬಹುದು. ನಿಜ. ಧಾರವಾಡದಲ್ಲಿ ಶಿಕ್ಷಕರಾಗಿದ್ದು, 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಅವರ ಮಾತು ಕೇಳಿದವರು ಅದನ್ನು ಮರೆಯಲಿಲ್ಲ. ಆದರೆ ಅವರ ಮನೆಮಾತು ಮರಾಠಿ ಎಂಬುದನ್ನೂ ನೆನೆಯಬೇಕು. ಆ ಮೋಡಿಯ ಹಿಂದೆ ಎರಡು ಭಾಷೆಗಳ ನಡುವೆ ಜೀವಮಾನವಿಡೀ ಓಡಾಡಿದ ಅಭ್ಯಾಸವಿತ್ತು. ಅದನ್ನು ಬರಿಯ ಬಹಿರ್ಮುಖತೆ ಎಂದು ಕರೆಯುವುದು ಅನ್ಯಾಯ.

ಇಂದು ನಮ್ಮಲ್ಲಿ ಆಯ್ಕೆ ಹೇಗೆ ನಡೆಯುತ್ತದೆ? ಶಿಕ್ಷಕರ ಅರ್ಹತಾ ಪರೀಕ್ಷೆಗೆ 150 ಅಂಕ, ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು. ಅದರಲ್ಲಿ ಎರಡು ಭಾಷೆಗಳಿಗೆ ತಲಾ 30. ಸ್ವಭಾವವನ್ನು ಅಳೆಯುವ ಗೊಡವೆಗೆ ಈ ಪರೀಕ್ಷೆ ಹೋಗುವುದಿಲ್ಲ, ಒಳ್ಳೆಯದೇ. ವಶೀಲಿಗೂ ಅಲ್ಲಿ ಜಾಗವಿಲ್ಲ. ಆದರೆ ಅಭ್ಯರ್ಥಿಯ ದನಿಯನ್ನು ಅದು ಒಮ್ಮೆಯೂ ಕೇಳುವುದಿಲ್ಲ. ಭಾಷೆ ಕಲಿಸುವವರ ಬಾಯಿಂದ ಒಂದು ವಾಕ್ಯವನ್ನೂ ಕೇಳದೆ ಅರ್ಹರೆನ್ನುವುದು ಈಜಿನ ಗುರುವನ್ನು ದಂಡೆಯ ಮೇಲೆಯೇ ಪರೀಕ್ಷಿಸಿದಂತೆ.

ಲಕ್ಷಗಟ್ಟಲೆ ಅಭ್ಯರ್ಥಿಗಳ ಪಾಠವನ್ನು ಸರಕಾರ ಕೂತು ಕೇಳಲಾಗದು, ಒಪ್ಪೋಣ. ಅತಿಥಿ ಶಿಕ್ಷಕರ ಮಾತು ಬೇರೆ. ಅವರನ್ನು ಆರಿಸುವುದು ಶಾಲೆಯ ಮಟ್ಟದಲ್ಲೇ. ಅಲ್ಲಿ ಮುಖ್ಯಗುರುಗಳು ಪ್ರಮಾಣಪತ್ರ ನೋಡಿದ ಮೇಲೆ ಇಪ್ಪತ್ತು ನಿಮಿಷ ತರಗತಿಗೆ ಕಳಿಸಿ, ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲಿ. ಬಂದವರು ಎಷ್ಟು ನಗಿಸಿದರು ಎಂಬುದನ್ನಲ್ಲ. ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದರು, ತಪ್ಪು ಉತ್ತರ ಕೊಟ್ಟ ಮಗು ಎರಡನೆಯ ಸಲ ಕೈ ಎತ್ತಿತೇ, ಆ ಮರಾಠಿ ಮನೆಯ ಮಗುವಿನ ದನಿ ಒಮ್ಮೆಯಾದರೂ ಕೇಳಿಸಿತೇ ಎಂಬುದನ್ನು.