ನೋವಿಗೊಂದು ಮುಖ, ಮಗ್ಗುಲಿಗೊಂದು ಲೆಕ್ಕ

ಮಕ್ಕಳೇ, ಕಬಡ್ಡಿ ಆಡುವಾಗ ಬಿದ್ದು ಕೈ ಮುರಿದುಕೊಂಡ ಹುಡುಗನೊಬ್ಬನನ್ನು ತುಮಕೂರಿನ ಜಿಲ್ಲಾಸ್ಪತ್ರೆಗೆ ಕರೆತಂದಿದ್ದಾರೆ ಅಂದುಕೊಳ್ಳಿ. "ತುಂಬಾ ನೋಯ್ತಿದೆಯಾ ಪುಟ್ಟಾ?" ಎಂದು ಸಿಸ್ಟರ್ ಕೇಳುತ್ತಾರೆ. ಅವನು "ಹೂಂ" ಅನ್ನುತ್ತಾನೆ. ತುಂಬಾ ಅಂದರೆ ಎಷ್ಟು? ಜ್ವರ ನೋಡಲು ಥರ್ಮಾಮೀಟರ್ ಇದೆ, ತೂಕಕ್ಕೆ ತಕ್ಕಡಿ ಇದೆ. ನೋವಿಗೆ ಅಂಥದ್ದೇನೂ ಇಲ್ಲ. ಅದು ಎಷ್ಟಿದೆ ಎಂದು ಗೊತ್ತಿರುವುದು ಅನುಭವಿಸುವವರಿಗೆ ಮಾತ್ರ.

ಅಮೆರಿಕದ ಟಲ್ಸಾ ಎಂಬ ಊರಿನ ಆಸ್ಪತ್ರೆಯಲ್ಲಿ, ಸುಟ್ಟಗಾಯದ ಮಕ್ಕಳಿದ್ದ ವಿಭಾಗದಲ್ಲಿ, 1980ರ ದಶಕದ ಆರಂಭದಲ್ಲಿ ಇದೇ ಕಷ್ಟ ಎದುರಾಗಿತ್ತು. ಡೊನ್ನಾ ವಾಂಗ್ ಮಕ್ಕಳ ಆರೈಕೆಯಲ್ಲಿ ಪಳಗಿದ ನರ್ಸ್. ಕಾನಿ ಬೇಕರ್ ಆಸ್ಪತ್ರೆಗೆ ಸೇರಿದ ಮಕ್ಕಳನ್ನು ಆಡಿಸುತ್ತ ಅವರ ಹೆದರಿಕೆ ಕಳೆಯುವ ಕೆಲಸದವರು. "ಸೊನ್ನೆಯಿಂದ ಹತ್ತರೊಳಗೆ ನಿನ್ನ ನೋವು ಎಷ್ಟು?" ಎಂದು ಕೇಳಿದರೆ ಪುಟಾಣಿಗಳಿಗೆ ಅರ್ಥವಾಗುತ್ತಿರಲಿಲ್ಲ. ಆಗ ಇಬ್ಬರೂ ಒಂದು ಉಪಾಯ ಮಾಡಿದರು. ಆರು ಖಾಲಿ ವೃತ್ತಗಳಿರುವ ಹಾಳೆಯನ್ನು ಮಕ್ಕಳ ಕೈಗೇ ಕೊಟ್ಟರು. ಸ್ವಲ್ಪವೂ ನೋವಿಲ್ಲದಾಗ ಮುಖ ಹೇಗಿರುತ್ತದೆ, ತಡೆಯಲಾರದಷ್ಟು ನೋವಾದಾಗ ಹೇಗಿರುತ್ತದೆ, ನೀವೇ ಬರೆಯಿರಿ ಎಂದರು. ಮಕ್ಕಳು ಬಿಡಿಸಿದ ಆ ಮುಖಗಳನ್ನು ಆಧಾರವಾಗಿಟ್ಟುಕೊಂಡು ಕಲಾವಿದರೊಬ್ಬರು ಆರು ಮುಖಗಳ ಸಾಲು ರಚಿಸಿದರು. ಮೊದಲನೆಯದು ನಗುಮುಖ, ಅದಕ್ಕೆ ಸೊನ್ನೆ. ಕೊನೆಯದು ಕಣ್ಣೀರು ಸುರಿಸುವ ಮುಖ, ಅದಕ್ಕೆ ಹತ್ತು. ಮಕ್ಕಳ ಕೈಯಿಂದಲೇ ಆ ಅಳತೆಗೋಲು ಹುಟ್ಟಿತು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಚಿತ್ರ ಚೆನ್ನಾಗಿದೆ ಎಂದು ಅವರು ಅಲ್ಲಿಗೇ ಬಿಡಲಿಲ್ಲ. ನೋವು ತಿಳಿಯುವ ಬೇರೆ ವಿಧಾನಗಳ ಪಕ್ಕದಲ್ಲಿಟ್ಟು ಪರೀಕ್ಷಿಸಿದರು. ಮಕ್ಕಳು ಮುಖಗಳನ್ನೇ ಹೆಚ್ಚು ಮೆಚ್ಚಿದರು. 1988ರಲ್ಲಿ ಆ ಹೋಲಿಕೆಯ ಫಲಿತಾಂಶ ಅಚ್ಚಾಯಿತು. ಈಗ ಮೂರು ವರ್ಷ ದಾಟಿದ ಮಗುವೂ ಬೆರಳಿಟ್ಟು ತನ್ನ ನೋವು ಎಷ್ಟೆಂದು ತೋರಿಸಬಲ್ಲದು. ನೆನಪಿಡಿ, ಹತ್ತು ಅಂಕದ ಆ ಕೊನೆಯ ಮುಖ ತೋರಿಸಬೇಕಾದರೆ ನೀವು ಅಳುತ್ತಲೇ ಇರಬೇಕು ಎಂದೇನೂ ಇಲ್ಲ.

ಹೀಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಪ್ರಶ್ನೆ ಹುಟ್ಟಿ, ಗಮನಿಸಿ, ಅಳೆದು, ಹೋಲಿಸಿ ಉತ್ತರ ಹುಡುಕುವುದೇ ನರ್ಸಿಂಗ್ ಸಂಶೋಧನೆ. ನಾವು ದಿನಾ ಮಾಡುವ ಆರೈಕೆ ನಿಜಕ್ಕೂ ಒಳ್ಳೆಯದು ಮಾಡುತ್ತಿದೆಯೇ ಎಂಬುದು ಅದರ ಮುಖ್ಯ ಪ್ರಶ್ನೆ.

ಇನ್ನೊಂದು ಉದಾಹರಣೆ ನೋಡಿ. ಕುಣಿಗಲ್ ಕಡೆಯ ಹಳ್ಳಿಯೊಂದರಲ್ಲಿ ತಿಂಗಳು ತುಂಬುವ ಮೊದಲೇ ಒಂದೂವರೆ ಕಿಲೋ ತೂಕದ ಕೂಸು ಹುಟ್ಟಿತು ಅನ್ನಿ. ಅದರ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ತಣ್ಣಗಾಗಿಬಿಡುತ್ತದೆ. ಟೋಪಿ, ಕಾಲುಚೀಲ ಹಾಕಿ, ಬರಿ ಮೈಯಲ್ಲಿ ಅಮ್ಮನ ಎದೆಗೆ ಒರಗಿಸಿ ಮೇಲೆ ಬಟ್ಟೆ ಸುತ್ತಿದರೆ ಅಮ್ಮನ ಮೈಬಿಸಿಯೇ ಅದನ್ನು ಕಾಯುತ್ತದೆ. ಆಂಬುಲೆನ್ಸಿನಲ್ಲಿ ತುಮಕೂರಿಗೆ ಕರೆದೊಯ್ಯುವಾಗಲೂ ಹೀಗೇ ಇಟ್ಟುಕೊಳ್ಳಬಹುದು. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ವೈದ್ಯರು ಇದನ್ನು ಆರಂಭಿಸಿದರು. ಆಮೇಲೆ ಅಮೆರಿಕದ ಜೀನ್ ಕ್ರ್ಯಾನ್‌ಸ್ಟನ್ ಆ್ಯಂಡರ್ಸನ್ ಅವರಂಥ ನರ್ಸ್ ಸಂಶೋಧಕರು ಅದರ ಪರಿಣಾಮವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು.

ಹುಟ್ಟಿದ ಕೂಡಲೇ ಹೀಗೆ ಎದೆಗಿಟ್ಟರೆ ಇನ್ನೂ ಒಳ್ಳೆಯದೇ? ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯ ಆಸ್ಪತ್ರೆಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2021ರಲ್ಲಿ ಉತ್ತರ ಕೊಟ್ಟಿತು. ಮಗುವಿನ ಸ್ಥಿತಿ ಸುಧಾರಿಸಿದ ಮೇಲೆ ಕಾಂಗರೂ ಆರೈಕೆ ಶುರು ಮಾಡಿದಾಗ, 28 ದಿನ ದಾಟಿ ಬದುಕಿದ್ದು ನೂರರಲ್ಲಿ ಸುಮಾರು 84 ಕೂಸುಗಳು. ಹುಟ್ಟಿದ ಕೂಡಲೇ ಶುರು ಮಾಡಿದಾಗ 88. ಆ ನಾಲ್ಕು ಕೂಸುಗಳ ಮನೆಯವರಿಗೆ ಆ ವ್ಯತ್ಯಾಸ ಎಷ್ಟು ದೊಡ್ಡದು! ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇದನ್ನು ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ರೂಢಿಗೆ ತರುವುದು ಹೇಗೆಂದು ಅಧ್ಯಯನ ಮಾಡಿದ್ದಾರೆ.

ಈಗ ಅಜ್ಜಿಯ ವಿಷಯಕ್ಕೆ ಬರೋಣ. ಗುಬ್ಬಿಯ ಯಾವುದೋ ಮನೆಯಲ್ಲಿ ಸೊಂಟದ ಮೂಳೆ ಮುರಿದು ಮಲಗಿದಲ್ಲೇ ಇರುವ ಅಜ್ಜಿಗೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುವುದುಂಟು. ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ. ಅಡಿಕೆ ತೋಟದ ಪೈಪಿನ ಮೇಲೆ ಕಾಲಿಟ್ಟರೆ ನೀರು ನಿಲ್ಲುವಂತೆ ಅಲ್ಲಿ ರಕ್ತ ಹರಿಯುವುದು ನಿಲ್ಲುತ್ತದೆ. ರಕ್ತವಿಲ್ಲದ ಚರ್ಮ ಸಾಯುತ್ತದೆ. ಹಿಂದೆ ಇದನ್ನು ತಡೆಯಲು ಸ್ಪಿರಿಟ್ಟು, ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ ಸಂಗಡಿಗರೊಂದಿಗೆ ವಯಸ್ಸಾದ ರೋಗಿಗಳನ್ನು ಗಮನಿಸಿ 1962ರಲ್ಲಿ ವರದಿ ಬರೆದರು. ಹುಣ್ಣು ತಡೆಯುವುದು ಹಚ್ಚುವ ಔಷಧಿಯಲ್ಲ, ಒತ್ತಡ ತಪ್ಪಿಸಲು ಮಗ್ಗುಲು ಬದಲಿಸುವುದು ಎಂದು ಅವರು ತೋರಿಸಿಕೊಟ್ಟರು. ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಮೊದಲೇ ತಿಳಿಯಲು ಐದು ವಿಷಯ ನೋಡಿ ಅಂಕ ಕೊಡುವ ಪದ್ಧತಿಯನ್ನೂ ಮಾಡಿದರು. ಪೂರ್ಣ ಅಂಕ 20. 14 ಅಥವಾ ಅದಕ್ಕೂ ಕಡಿಮೆ ಬಂದರೆ ಎಚ್ಚರ!

ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು? ಎರಡು ಗಂಟೆಗೊಮ್ಮೆ ಎಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ನರ್ಸ್ ಸಂಶೋಧಕಿ ನ್ಯಾನ್ಸಿ ಬರ್ಗ್‌ಸ್ಟ್ರಾಮ್ ತಂಡ ಅದನ್ನೂ ಪರೀಕ್ಷೆಗಿಟ್ಟಿತು. ಅಮೆರಿಕ ಮತ್ತು ಕೆನಡಾದ ಆರೈಕೆ ಕೇಂದ್ರಗಳಲ್ಲಿ 942 ಮಂದಿಯನ್ನು ಗುಂಪು ಮಾಡಿ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೆಲ್ಲ ಮಲಗಿದ್ದು ಒತ್ತಡ ಹಂಚುವ ದಪ್ಪ ಫೋಮ್ ಹಾಸಿಗೆಗಳ ಮೇಲೆ. ನಮ್ಮ ಹತ್ತಿ ಹಾಸಿಗೆಯ ಅಜ್ಜಿಗೆ ಆ ಉತ್ತರವನ್ನು ಹಾಗೇ ಅನ್ವಯಿಸಬಾರದು. ಯಾರ ಮೇಲೆ, ಎಲ್ಲಿ ಪರೀಕ್ಷಿಸಿದ್ದು ಎಂದು ಕೇಳದೆ ಯಾವ ಸಂಶೋಧನೆಯನ್ನೂ ಒಪ್ಪಬೇಡಿ. ಅಂದ ಹಾಗೆ, ಹುಣ್ಣಿನ ಮೊದಲ ಗುರುತು ಕೆಂಪು ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಕಾಣದೇ ಹೋಗಬಹುದು. ಅಂಗೈ ಇಟ್ಟು ನೋಡಿ: ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿ, ಗಟ್ಟಿಯಾಗಿ ಇದ್ದರೆ ಮನೆಯ ದೊಡ್ಡವರಿಗೆ ಹೇಳಿ, ನರ್ಸಿಗೆ ತಿಳಿಸಿ.

ಇಂಥ ಪ್ರಶ್ನೆ ಕೇಳುವವರು ತುಮಕೂರಿನಲ್ಲೂ ಇದ್ದಾರೆ. ಇಲ್ಲಿ ನರ್ಸಿಂಗ್ ಕಾಲೇಜುಗಳಿವೆ. ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಓದುವವರು ಎರಡು ವರ್ಷದೊಳಗೆ ಒಂದು ಪ್ರಬಂಧ ಸಿದ್ಧಪಡಿಸಲೇಬೇಕು. ಅದಕ್ಕಾಗಿ ಕೆಲವರು ಶಾಲೆಗಳಿಗೂ ಬರುತ್ತಾರೆ. ಕೈ ತೊಳೆಯುವುದರ ಬಗ್ಗೆ ಪ್ರಶ್ನೆಪತ್ರಿಕೆ ಕೊಡುತ್ತಾರೆ, ಪಾಠ ಮಾಡುತ್ತಾರೆ, ಕೆಲವು ದಿನ ಬಿಟ್ಟು ಅದೇ ಪತ್ರಿಕೆಯನ್ನು ಮತ್ತೆ ಕೊಡುತ್ತಾರೆ. ಅದೇ ಪ್ರಶ್ನೆ ಏಕೆ? ಪಾಠದಿಂದ ಏನಾದರೂ ಬದಲಾಯಿತೇ ಎಂದು ತಿಳಿಯಲು. ಅಲ್ಲಿ ಅಳೆಯುವುದು ನಿಮ್ಮ ಜಾಣತನವನ್ನಲ್ಲ, ಅವರ ಪಾಠವನ್ನು.

ಆದ್ದರಿಂದ ಗುಬ್ಬಿ, ಕುಣಿಗಲ್, ತುಮಕೂರಿನ ಮಕ್ಕಳೇ, ಅಂಥ ಅಕ್ಕನೋ ಅಣ್ಣನೋ ನಿಮ್ಮ ತರಗತಿಗೆ ಬಂದರೆ ಪಕ್ಕದವರ ಹಾಳೆ ನೋಡಬೇಡಿ. ಇಷ್ಟವಿಲ್ಲದಿದ್ದರೆ ಬೇಡ ಅನ್ನುವ ಹಕ್ಕೂ ನಿಮಗಿದೆ. ಬರೆಯುವುದಾದರೆ ಗೊತ್ತಿರುವುದನ್ನು ಬರೆಯಿರಿ, ಗೊತ್ತಿಲ್ಲದ ಕಡೆ "ಗೊತ್ತಿಲ್ಲ" ಎಂದೇ ಬರೆಯಿರಿ.